ಮೂಲೆಯಲ್ಲಿ ನಿಂತ ಕೋಶ

ನೀಲಿ ಮುಚ್ಚಳ, ಕೆಂಪು ಮುಚ್ಚಳ, ಎರಡು ನಳಿಕೆಗೂ ಒಂದೇ ಎತ್ತರ, ಒಳಗೆ ಒಂದೇ ಮಟ್ಟಕ್ಕೆ ನಿಂತ ನೀರಿನಂಥ ದ್ರಾವಣ, ಬೆಳಕಿಗೆ ಹಿಡಿದು ಕಣ್ಣು ಕಿರಿದು ಮಾಡಿದರೂ ವ್ಯತ್ಯಾಸ ಕಾಣದು, ಯಾವುದರಲ್ಲಿ ಕೂತಿದ್ದೀಯೋ ಸೋಂಬೇರಿ, ಇಷ್ಟು ವರ್ಷ ಸಾಕಿದವಳಿಗೆ ಒಂದು ಸಣ್ಣ ಸನ್ನೆ ಮಾಡಬಾರದೆ — ಛೆ, ಹಾಗೆಲ್ಲ ಕೇಳಬಾರದು, ಕೇಳಿದರೆ ಮೋಸ, ಅದಕ್ಕೇ ಅಲ್ಲವೆ ಅನುಮಾನಪ್ಪನ ಕೈಯಲ್ಲಿ ತುಂಬಿಸಿದ್ದು, ಯಾವುದರಲ್ಲಿ ಈ ಸೋಂಬೇರಿ ಪೆಪ್ಟೈಡ್, ಪ್ರೋಟೀನಿನ ಸಣ್ಣ ತುಣುಕು, ಇದೆ, ಯಾವುದು ಖಾಲಿ ಎಂಬುದು ಅವನಿಗೆ ಮಾತ್ರ ಗೊತ್ತು, ಪಕ್ಕದ ಮೇಜಿನ ವಿಜ್ಞಾನಿ, ಅವನಮ್ಮ ಇಟ್ಟ ಹೆಸರು ಬೇರೆ, ಆದರೆ ಬೆಳಗಾಯಿತು ಎಂದರೂ ಎದ್ದು ಹೋಗಿ ಕಿಟಕಿ ತೆಗೆದು ನೋಡುವವನಿಗೆ ನಾವು ಇಟ್ಟ ಹೆಸರೇ ಒಪ್ಪುತ್ತದೆ, ನೋಡಿ ನನ್ನ ಮುಖ ನೋಡಬೇಡಿ ಆಮೇಲೆ ಮುಖ ನೋಡಿ ಕಂಡುಹಿಡಿದ್ರು ಅಂತಾರೆ, ಎಂದು ಹೇಳಿ ಗೋಡೆಯ ಕಡೆ ತಿರುಗಿ ಕೂತಿದ್ದಾನೆ, ಪೆಟ್ಟು ತಿಂದ ಹುಡುಗನ ಹಾಗೆ, ಬೋಳುತಲೆ ಹಿಂದಿನಿಂದ ಹೊಳೆಯುತ್ತಿದೆ, ನಗು ಬರುತ್ತಿದೆ, ನಗಬಾರದು, ಕೈ ಅಲುಗುತ್ತದೆ, ಹನಿ ಬಿಡುವ ಪಿಪೆಟ್ಟು ಹಿಡಿದ ಕೈ. ಆ ಕಡೆ ಬಡಗಿ ಟೇಪು ಬಿಚ್ಚುವ ಸದ್ದು, ಸರ್ರನೆ ಹೊರಗೆ, ಸರ್ರನೆ ಒಳಗೆ, ನನ್ನ ಕಪಾಟು ಅಳೆಯುತ್ತಿದ್ದಾನೆ, ನನ್ನ ಸಿಂಕು ಅಳೆಯುತ್ತಿದ್ದಾನೆ, ಇನ್ನೂ ಪ್ರಾಣ ಹೋಗಿಲ್ಲ ಆಗಲೇ ಚಟ್ಟದ ಅಳತೆ, ಅಣ್ಣಾ ಸ್ವಲ್ಪ ಹೊತ್ತು ಏನೂ ಬಡೀಬೇಡಿ, ಮೇಜು ಅಲ್ಲಾಡಿದ್ರೆ ಎಲ್ಲಾ ಹೋಯ್ತು, ಅಯ್ಯೋ ನಾನ್ಯಾಕಮ್ಮ ಬಡೀಲಿ, ಬರೀ ಅಳತೆ, ದೊಡ್ಡೋರು ಹೇಳಿದಾರೆ ಹೊಸಬ್ರಿಗೆ ಇಲ್ಲಿ ಉದ್ದನೆ ಮೇಜು ಬೇಕಂತೆ. ಹೌದು, ದೊಡ್ಡವರು ಹೇಳಿದ್ದಾರೆ, ನಮ್ಮ ವಿಭಾಗದ ಮುಖ್ಯಸ್ಥರು, ಒಳ್ಳೆಯವರೇ, ಗದರುವುದಿಲ್ಲ, ನಗುನಗುತ್ತಲೇ ಕತ್ತರಿಸುತ್ತಾರೆ, ಮೇಡಂ ಎಷ್ಟು ದಿನ ಅಂತ ಮರಳು ಹಿಂಡಿ ಎಣ್ಣೆ ತೆಗೀತೀರಾ, ಮಧ್ಯಾಹ್ನ ಮೀಟಿಂಗಿಗೆ ಬನ್ನಿ, ಇದೆ ಅಂದ್ರೆ ಇದೆ ಅನ್ನಿ, ಇಲ್ಲ ಅಂದ್ರೆ ಇಲ್ಲ ಅನ್ನಿ, ಇಲ್ಲ ಅಂದ್ರೆ ಕೋಣೆ ಬಿಟ್ಟುಕೊಡಿ. ಇಲ್ಲವೆಂದರೆ ಕೋಣೆ ಹೋಗುತ್ತದೆ, ಹೋಗಲಿ, ಕೋಣೆ ಯಾರಪ್ಪನ ಗಂಟು, ಆದರೆ ಆ ಫ್ರೀಜರಿನಲ್ಲಿ ಮಲಗಿರುವ ನನ್ನ ಸೋಂಬೇರಿಯನ್ನು ಸಿಂಕಿಗೆ ಸುರಿಯುತ್ತಾರೆ, ಮತ್ತೆ ಯಾರೂ ಅದನ್ನು ಹುಡುಕುವುದಿಲ್ಲ, ಏಕೆಂದರೆ ಕೆಲಸ ಮಾಡುವುದಿಲ್ಲ ಎಂದು ಹೆಸರು ಬಿದ್ದದ್ದನ್ನು ಯಾರು ಮುಟ್ಟುತ್ತಾರೆ.

ಹಾಕು, ಮೊದಲು ಸಕ್ಕರೆ ಇಲ್ಲದೆ, ಬಟ್ಟಲಲ್ಲಿ ಕೋಶಗಳು ಹಸಿದು ಕೂತಿವೆ, ಮೇದೋಜೀರಕ ಗ್ರಂಥಿಯಿಂದ ಬಿಡಿಸಿ ತಂದವು, ಇನ್ಸುಲಿನ್ ಸುರಿಸುವ ಜಾತಿಯವು, ಬಣ್ಣ ಕುಡಿಸಿದ್ದೇನೆ, ಕೋಶ ಎಚ್ಚೆತ್ತು ಒಳಗೆ ಕ್ಯಾಲ್ಸಿಯಂ ಏರಿದರೆ ಬೆಳಗಬೇಕು, ಸೂಕ್ಷ್ಮದರ್ಶಕದ ಪರದೆಯ ಮೇಲೆ ಕಪ್ಪಿನಲ್ಲಿ ಬೂದಿ ಬಣ್ಣದ ಚುಕ್ಕೆಗಳು, ಗುಂಪಾಗಿ, ಸಂತೆಯಲ್ಲಿ ಕೂತ ಹೆಂಗಸರ ಹಾಗೆ, ಒಂದು ಮಾತ್ರ ದೂರ, ಎಡಗಡೆ ಕೆಳಮೂಲೆಯಲ್ಲಿ, ಒಂಟಿ. ಕೆಂಪು ಹಾಕಿದೆ. ಏನೂ ಇಲ್ಲ. ತೊಳೆದೆ. ನೀಲಿ ಹಾಕಿದೆ. ಏನೂ ಇಲ್ಲ. ಸರಿ, ಇದು ಸೋಲಲ್ಲ, ಮರ್ಯಾದೆ, ಸಕ್ಕರೆ ಇಲ್ಲದಾಗ ಬಾಯಿ ಮುಚ್ಚಿಕೊಂಡಿರುವುದೇ ಇದರ ಗುಣ ಎಂದು ನಾನು ಹೇಳಿಕೊಂಡು ಬಂದದ್ದು, ಸತ್ತದ್ದೂ ಬಾಯಿ ಮುಚ್ಚಿಕೊಂಡೇ ಇರುತ್ತೆ ಕಣ್ರೀ ಎಂದು ಅನುಮಾನಪ್ಪ ಹೇಳಿದ್ದೂ ನೆನಪಿದೆ, ಇರಲಿ. ಊಟ ರಕ್ತಕ್ಕೆ ಸೇರುವ ಮೊದಲೇ ಕರುಳು ಮೇದೋಜೀರಕಕ್ಕೆ ಸುದ್ದಿ ಮುಟ್ಟಿಸುತ್ತದೆ, ಬರ್ತಾ ಇದೆ, ಸಿದ್ಧವಾಗಿರು, ಆ ಸುದ್ದಿ ಹೊತ್ತು ಓಡುವವೇ ಈ ಪೆಪ್ಟೈಡುಗಳು, ಇದನ್ನು ಮೊದಲ ಸಲ ಪಾಠದಲ್ಲಿ ಕೇಳಿದಾಗ ಅಯ್ಯೋ ಇದು ನಮ್ಮಕ್ಕ ಅನ್ನಿಸಿತ್ತು, ನೆಂಟರು ಬರುವ ದಿನ ಬೀದಿಯ ಮೂಲೆಯಲ್ಲಿ ನಿಲ್ಲುತ್ತಿದ್ದವಳು ಅಕ್ಕ, ಬಸ್ಸಿಳಿದದ್ದು ಕಂಡರೆ ಸಾಕು ಲಂಗ ಎತ್ತಿಕೊಂಡು ಓಡಿ ಬಂದು, ಅಮ್ಮಾ ಬಂದ್ರೂ, ನೀರಿಡಮ್ಮಾ, ನೆಂಟರು ಚಪ್ಪಲಿ ಬಿಡುವ ಹೊತ್ತಿಗೆ ನಮ್ಮ ಮನೆಯಲ್ಲಿ ನೀರು ಕುದಿಯುತ್ತಿತ್ತು, ಮೂಲೆಯಲ್ಲಿ ನೆಂಟರಿಲ್ಲದೆ ಅಕ್ಕ ಒಂದು ಸಲವೂ ಕೂಗಿದವಳಲ್ಲ, ಅದೇ ಗುಣ, ಅದೇ. ಅದೇ ಅಕ್ಕನಿಗೆ ಸಕ್ಕರೆ ಕಾಯಿಲೆ ಬಂತು ನೋಡು, ಹೊತ್ತುಹೊತ್ತಿಗೆ ಸೂಜಿ, ಚುಚ್ಚಿಕೊಂಡ ಇನ್ಸುಲಿನ್‌ಗೆ ಕಿವಿಯಿಲ್ಲ, ಸಕ್ಕರೆ ಇದೆಯೋ ಇಲ್ಲವೋ ಕೇಳುವುದಿಲ್ಲ, ಇಳಿಸು ಎಂದರೆ ಇಳಿಸುತ್ತಲೇ ಹೋಗುತ್ತದೆ, ಅವತ್ತು ಸೂಜಿ ಚುಚ್ಚಿಕೊಂಡು ಫೋನಿನಲ್ಲಿ ಯಾರ ಜೊತೆಗೋ ಹರಟುತ್ತ ಊಟ ಮರೆತಿದ್ದಳು, ನಾನು ಬಾಗಿಲು ತೆಗೆದಾಗ ಮೆಟ್ಟಿಲ ಮೇಲೆ ಒರಗಿ ಕೂತಿದ್ದಾಳೆ, ಕರೆದರೆ ಓಗೊಡುವುದಿಲ್ಲ, ಮೈಯೆಲ್ಲ ತಣ್ಣನೆಯ ಬೆವರು, ಡಬ್ಬಿ ತಂದು ಸಕ್ಕರೆಯಲ್ಲಿ ಬೆರಳು ಅದ್ದಿ ತುಟಿಯ ಒಳಗೆ ಉಜ್ಜುತ್ತಿದ್ದೇನೆ, ಅಕ್ಕಾ, ಅಕ್ಕಾ, ಅವಳ ಕೆಳತುಟಿಯ ಮೇಲೆ ಒಂದು ಕಾಳು ಸಕ್ಕರೆ ಅಂಟಿಕೊಂಡು ಕಿಟಕಿಯ ಬೆಳಕಿಗೆ ಹೊಳೆಯುತ್ತಿದೆ, ಬೇರೇನೂ ಕಾಣುತ್ತಿಲ್ಲ ನನಗೆ, ಆ ಒಂದು ಬಿಳಿ ಕಾಳು — ಆಮೇಲೆ ಕಣ್ಣು ಬಿಟ್ಟಳು, ಬಿಟ್ಟವಳ ಮೊದಲ ಮಾತು, ಥೂ ಎಷ್ಟು ಸಿಹಿ, ಇಷ್ಟು ಓದಿದೀಯ ನಂಗೆ ಸಕ್ಕರೆ ಆಗಲ್ಲ ಅಂತ ಗೊತ್ತಿಲ್ವೇನೆ. ಅಳುತ್ತ ನಕ್ಕೆ. ಆವತ್ತಿನಿಂದ ಈ ಸೋಂಬೇರಿಯ ಬೆನ್ನು ಬಿಟ್ಟಿಲ್ಲ, ಸಕ್ಕರೆ ಇದ್ದಾಗ ಮಾತ್ರ ಕೂಗಿ ಎಬ್ಬಿಸುವ, ಇಲ್ಲದಾಗ ತೆಪ್ಪಗಿರುವ ಒಂದು ಪೆಪ್ಟೈಡ್, ಇಂಥವು ಬೇರೆಯೂ ಇವೆ, ಔಷಧಿಯೂ ಆಗಿವೆ, ಅಕ್ಕನ ಹೊಟ್ಟೆಗೆ ಅವು ಒಗ್ಗಲಿಲ್ಲ, ಎಲ್ಲ ವಾಂತಿ, ಇದು ಕೋಶದ ಬೇರೊಂದು ಬಾಗಿಲು ತಟ್ಟುತ್ತದೆ ಎಂದು ನನ್ನ ನಂಬಿಕೆ, ನಂಬಿಕೆ ಎಂದರೆ ಅನುಮಾನಪ್ಪ ಮೂಗು ಮುರಿಯುತ್ತಾನೆ.

ಎಂದೋ ಒಮ್ಮೆ ಕೋಶಗಳನ್ನು ಬೆಳಗಿಸುತ್ತಿತ್ತು, ಹತ್ತು ದಿನ ಸುಮ್ಮನಿರುತ್ತಿತ್ತು, ಅದಕ್ಕೇ ಸೋಂಬೇರಿ ಎಂಬ ಹೆಸರು, ಹೇಳದೆ ಕೇಳದೆ ರಜೆ ಹಾಕುವ ಗುಮಾಸ್ತನ ಹಾಗೆ — ಮೊನ್ನೆ ಆದದ್ದೇ ತಮಾಷೆ. ನನ್ನ ಜಿಪುಣತನ ಇಡೀ ಕಟ್ಟಡಕ್ಕೆ ಗೊತ್ತು, ನಳಿಕೆ ಬಿಸಾಡುವುದೆಂದರೆ ಜೀವ ಹೋದ ಹಾಗೆ, ಪೆಪ್ಟೈಡ್ ಇಟ್ಟಿದ್ದ ನಳಿಕೆಯನ್ನೇ ಬರೀ ನೀರಲ್ಲಿ ತೊಳೆದು ಅದರಲ್ಲೇ ಖಾಲಿ ದ್ರಾವಣ ತುಂಬಿಸಿದ್ದೆ, ಪೆಪ್ಟೈಡ್ ಇಲ್ಲದ್ದು, ಹೋಲಿಸಿ ನೋಡಲು, ಕೋಶಗಳು ಸೊರಗಿದ್ದವು ಎಂದು ಅದಕ್ಕೆ ಚೂರು ಅಲ್ಬುಮಿನ್ ಪ್ರೋಟೀನು ಬೆರೆಸಿದ್ದೆ, ಸಕ್ಕರೆಯ ಜೊತೆ ಹಾಕಿದರೆ ದೀಪಾಲಂಕಾರ! ಖಾಲಿ ದ್ರಾವಣಕ್ಕೆ! ಅನುಮಾನಪ್ಪ ಹಿಂದಿನಿಂದ ಬಗ್ಗಿ ನೋಡಿ, ಮುಗೀತಲ್ರೀ, ಏನೂ ಇಲ್ಲದ್ದಕ್ಕೇ ಕುಣೀತಾವೆ, ಅಂದ್ರೆ ಇಷ್ಟು ದಿನ ನೀವು ಕಂಡಿದ್ದೂ ಇದೇ ಕುಣಿತ, ಪ್ರೋಟೀನು ಕಂಡ್ರೆ ಕುಣೀತಾವೆ ಅಷ್ಟೆ, ದೊಡ್ಡವರಿಗೂ ಹೋಗಿ ಹೇಳಿದ, ಕೆಟ್ಟವನಲ್ಲ, ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ ಅಷ್ಟೆ. ಮನೆಗೆ ಹೋಗಿ ಅನ್ನವೂ ಸೇರದೆ ಪಾತ್ರೆ ತೊಳೆಯುತ್ತಿದ್ದೆ, ಎಣ್ಣೆ ಇಟ್ಟಿದ್ದ ಪ್ಲಾಸ್ಟಿಕ್ ಡಬ್ಬಿ, ಎಷ್ಟು ನೀರು ಬಿಟ್ಟರೂ ಜಾರಿ ಹೋಗುತ್ತದೆ, ಜಿಡ್ಡು ಮಾತ್ರ ಗೋಡೆ ಬಿಡುವುದಿಲ್ಲ, ಸೋಪು ಹಾಕಿದರೆ ತಕ್ಷಣ ಬಿಟ್ಟಿತು, ಕೈಯಲ್ಲಿ ಡಬ್ಬಿ ಹಿಡಿದುಕೊಂಡೇ ನಿಂತೆ, ನಲ್ಲಿ ಸುರಿಯುತ್ತಿತ್ತು, ಗೋಡೆ ಬಿಡುವುದಿಲ್ಲ, ಗೋಡೆ ಬಿಡುವುದಿಲ್ಲ, ನಳಿಕೆಯೂ ಪ್ಲಾಸ್ಟಿಕ್ಕೇ! ನನ್ನ ಸೋಂಬೇರಿ ಸೋಂಬೇರಿಯಲ್ಲ, ನಳಿಕೆಯ ಗೋಡೆಗೆ ಅಂಟಿಕೊಂಡು ಕೂತಿದೆ, ಕೋಶದ ಹತ್ತಿರ ಹೋದದ್ದೇ ಅಪರೂಪ, ಇಷ್ಟು ವರ್ಷ ನಾನು ಕೋಶಕ್ಕೆ ಬರೀ ನೀರು ಕುಡಿಸಿ ಯಾಕೆ ಏಳಲಿಲ್ಲ ಎಂದು ಬೈದದ್ದು! ಮೊನ್ನೆ ಪ್ರೋಟೀನು ಬಂದು ಗೋಡೆಯಿಂದ ಅದನ್ನು ಎಬ್ಬಿಸಿದೆ, ಎದ್ದದ್ದು ಕೋಶಕ್ಕೆ ಹೋಗಿ ಕೂಗಿದೆ. ಬಸ್ಸಿನ ಹಾಗೆ, ಗೋಡೆ ಪಕ್ಕದ ಸೀಟೆಲ್ಲ ಪ್ರೋಟೀನು ಮೊದಲೇ ಹತ್ತಿ ಹಿಡಿದುಬಿಟ್ಟರೆ ನಮ್ಮ ಪೆಪ್ಟೈಡ್ ಪಾಪ ನಿಂತೇ ಬರಬೇಕು, ನಿಂತವರು ತಮ್ಮ ಸ್ಟಾಪಿನಲ್ಲಿ ಸರಿಯಾಗಿ ಇಳಿಯುತ್ತಾರೆ, ಕೂತವರೇ ನಿದ್ದೆ ಹೋಗುವುದು. ಬೆಳಗ್ಗೆ ಓಡಿ ಬಂದು ಹೇಳಿದರೆ ಅನುಮಾನಪ್ಪ ಕನ್ನಡಕ ಒರೆಸಿಕೊಂಡ, ಕಥೆ ಚೆನ್ನಾಗಿದೆ, ನನ್ನದೂ ಒಂದು ಕಥೆ ಇದೆ, ಪ್ರೋಟೀನೇ ಕುಣಿಸ್ತಿರಬಹುದು, ಎರಡು ಹೊಸ ನಳಿಕೆ, ಎರಡಕ್ಕೂ ಪ್ರೋಟೀನು, ಒಂದಕ್ಕೆ ಮಾತ್ರ ನಿಮ್ಮ ಸೋಂಬೇರಿ, ತುಂಬಿಸೋದು ನಾನು, ನಿಮಗೆ ಹೇಳಲ್ಲ, ಎರಡೂ ಬೆಳಗಿದ್ರೆ ನನ್ನ ಕಥೆ, ಒಂದೇ ಬೆಳಗಿದ್ರೆ ನಿಮ್ಮದು, ಎರಡೂ ಬೆಳಗದಿದ್ರೆ? ಎಂದೆ, ಎರಡೂ ಬೆಳಗದಿದ್ರೆ ಬಡಗೀದು.

ಈಗ ಸಕ್ಕರೆ. ಬಿಟ್ಟೆ. ಬೂದಿ ಚುಕ್ಕೆಗಳು ಸ್ವಲ್ಪ ಮಿಸುಕುತ್ತವೆ, ಬೆಳಗಿನ ನಿದ್ದೆಯಲ್ಲಿ ಮಗ್ಗುಲು ಬದಲಿಸುವವರ ಹಾಗೆ, ಇಷ್ಟು ಮಿಸುಕುವುದು ಸಕ್ಕರೆಗೇ, ಇದು ಲೆಕ್ಕಕ್ಕಿಲ್ಲ, ಕೆಂಪು ಹಾಕಿದೆ, ನೋಡು ನೋಡು ನೋಡು, ಬಡಗಿಯೂ ಟೇಪು ಬಿಟ್ಟು ಬಂದು ನಿಂತಿದ್ದಾನೆ, ಮರದ ಹೊಟ್ಟಿನ ವಾಸನೆ, ಇದರಲ್ಲೇನಮ್ಮಾ ಬರಬೇಕು, ಬೆಳಕು ಬರಬೇಕು ಅಣ್ಣಾ, ಬಂದಿಲ್ವಲ್ಲ, ಹೌದು ಬಂದಿಲ್ಲ, ಅದೇ ಮಿಸುಕು, ಅದೇ ಬೂದಿ, ಹಾಗಾದರೆ ಪ್ರೋಟೀನು ಕುಣಿಸುವುದಿಲ್ಲ, ಎರಡರಲ್ಲೂ ಪ್ರೋಟೀನು ಇದೆಯಲ್ಲ, ಅನುಮಾನಪ್ಪನ ಕಥೆ ಇಲ್ಲಿಗೆ ಸತ್ತಿತು! ಕೂಗಬೇಕೆನಿಸಿತು, ತಡಿ, ಕೆಂಪಿನಲ್ಲೇ ನನ್ನ ಸೋಂಬೇರಿ ಇದ್ದಿದ್ದರೆ? ಆಗ ನನ್ನ ಕಥೆಯೂ ಸತ್ತಂತೆ, ಒಂದೇ ಚಟ್ಟದಲ್ಲಿ ಎರಡು ಹೆಣ, ಬಡಗಿಗೆ ಮೇಜು, ತೊಳೆ, ನಿಧಾನ, ಮತ್ತೆ ಸಕ್ಕರೆ, ಮತ್ತೆ ಮಿಸುಕು, ಗೋಡೆಯ ಕಡೆ ಕೂತ ಬೋಳುತಲೆಯ ಹಿಂಬದಿಯಲ್ಲಿ ಬೆವರು ಮೂಡಿದೆ, ಅವನಿಗೂ! ಎಲಾ ಅನುಮಾನಪ್ಪ, ನಿನಗ್ಯಾಕಯ್ಯ ಬೆವರು, ನಾನು ಸೋಲಲೆಂದು ಕೂತವನಲ್ಲವೆ, ಯಾವ ಕಡೆಯವನು ನೀನು. ನೀಲಿ. ತುದಿ ಮುಟ್ಟಿತು. ಬಿಟ್ಟೆ. ಗುಂಪು ಹಾಗೇ ಇದೆ, ಬೂದಿ, ಬೂದಿ, ಉಸಿರು ಹಿಡಿದಿದ್ದೇನೆ, ಅಕ್ಕ ಫೋನು ಮಾಡಿದ್ದಳು ಬೆಳಗ್ಗೆ, ಏನಾದ್ರೂ ತಿಂದ್ಕೊಂಡು ಹೋಗೇ, ನೀನು ಬಿದ್ರೆ ಸಕ್ಕರೆ ಉಜ್ಜೋಕೆ ನಾನು ಮೆಟ್ಟಿಲು ಹತ್ತಕ್ಕಾಗಲ್ಲ, ತಿಂದಿಲ್ಲ ಅಕ್ಕಾ, ತಿನ್ನುತ್ತೇನೆ, ಇದೊಂದು — ಅಗೋ. ಎಡಗಡೆ. ಕೆಳಗೆ. ಮೂಲೆಯಲ್ಲಿ ಒಂಟಿಯಾಗಿ ನಿಂತದ್ದು, ಚುಕ್ಕೆ, ಬಿಳಿ, ಇನ್ನೂ ಬಿಳಿ, ಅಮ್ಮಾ ಬಂದ್ರೂ ಎಂದು ಕೂಗಿದ ಹಾಗೆ, ಈಗ ಗುಂಪಿನ ಅಂಚು, ಈಗ ನಡುವೆ, ಒಂದೊಂದಾಗಿ, ಅಲ್ಲ, ಎಲ್ಲ ಒಟ್ಟಿಗೆ, ಬಂತಲ್ಲಮ್ಮಾ ಬಂತಲ್ಲ ಎಂದು ಬಡಗಿ ನನ್ನ ಕಿವಿಯಲ್ಲೇ ಕೂಗುತ್ತಿದ್ದಾನೆ, ಏನು ಬಂತೆಂದು ಅವನಿಗೆ ತಿಳಿಯದಿದ್ದರೂ, ಯಾವುದ್ರೀ, ಯಾವುದರಲ್ಲಿ ಹಾಕಿದ್ರಿ ಹೇಳ್ರೀ ಎಂದದ್ದು ನನ್ನದೇ ದನಿಯೇ, ಅನುಮಾನಪ್ಪ ತಿರುಗಿದ, ಪರದೆ ನೋಡಿದ, ಕನ್ನಡಕ ತೆಗೆದ, ಒರೆಸಲಿಲ್ಲ, ನೀಲೀಲೇ ಹಾಕಿದ್ದೆ ಕಣ್ರೀ, ನೀಲೀಲೇ, ಕೆಂಪು ಖಾಲಿ, ಇನ್ನೊಂದ್ಸಲ ಮಾಡೋಣ ರೀ, ದೊಡ್ಡವರನ್ನ ಇಲ್ಲಿಗೇ ಕರೀತೀನಿ, ಅವರ ಕಣ್ಣೆದುರಿಗೇ ಮಾಡೋಣ, ಎನ್ನುತ್ತ ಚಪ್ಪಲಿ ಹುಡುಕುತ್ತಿದ್ದಾನೆ, ಕಾಲಲ್ಲೇ ಇದೆ ಚಪ್ಪಲಿ, ಹೇಳಬೇಕು, ಅಕ್ಕನಿಗೆ ಫೋನು ಮಾಡಬೇಕು, ಅಕ್ಕಾ ಸಕ್ಕರೆ ಇಲ್ಲದಾಗ ಸುಮ್ಮನಿತ್ತು ಕಣೇ, ಇದ್ದಾಗ ಕೂಗಿತು ಕಣೇ, ನಿನ್ನ ಹಾಗೇ, ಗೋಡೆಗೆ ಅಂಟಿಕೊಂಡಿತ್ತಷ್ಟೆ, ಹೇಳಬೇಕು, ಆದರೆ ಕಣ್ಣು ಅಲ್ಲಿಂದ ಏಳುತ್ತಿಲ್ಲ, ಗುಂಪೆಲ್ಲ ಮಸುಕಾಯಿತು, ಕೋಣೆಯೂ, ಟೇಪೂ, ಮೂಲೆಯ ಅದೊಂದೇ, ಬಿಳಿ, ಕಿಟಕಿಯ ಬೆಳಕಿಗೆ, ತುಟಿಯ ಮೇಲೆ, ಅಂಟಿಕೊಂಡು, ಒಂದು ಕಾಳು ಸಕ್ಕರೆ