ಹಾಸಿಗೆ ಪಕ್ಕದ ಒಂದು ಗಂಟೆ

ಮಿಸಿಸಿಪ್ಪಿಯ ಆ ಜೈಲು ಒಂದು ಕಂಪನಿಯದು. ಬೀಗ, ಬೇಲಿ, ಅರೆಬೆಂದ ಕಾಳು, ಎಲ್ಲವೂ ಕಂಪನಿಯದೇ. ಆದರೆ ಕೈದಿಯನ್ನು ಒಂದು ಗಂಟೆ ಮನೆಗೆ ಬಿಡುವ ಅಧಿಕಾರ ಮಾತ್ರ ಸರಕಾರದ್ದು. ಸೋಮವಾರ ಬೆಳಿಗ್ಗೆ, ಅಲ್ಲಿ ಕೈದಿಯಾಗಿದ್ದ ಎಲ್ಜಿನ್‌ಗೆ ತಂಗಿ ವರ್ಲೀನ್ ಫೋನ್ ಮಾಡಿ, "ಅಮ್ಮ ಇವತ್ತೋ ನಾಳೆಯೋ ಅನ್ನೋ ಹಾಗಿದಾಳೆ ಕಣೋ. ಬಾಯಲ್ಲಿ ನಿನ್ನ ಹೆಸರೊಂದೇ" ಎಂದಳು.

ಎಲ್ಜಿನ್ ವಾರ್ಡನ್ ಪರ್ವಿಸ್‌ನ ಮುಂದೆ ಅಂಗಲಾಚಿದ. ಕಾಲು ಹಿಡಿಯುವುದೊಂದು ಬಾಕಿ.

"ನನ್ನ ಕೈಲಿದ್ರೆ ಈಗಲೇ ಕಳಿಸ್ತಿದ್ದೆ ಮಾರಾಯ," ಎಂದ ಪರ್ವಿಸ್. "ನಾನು ಬಿಟ್ರೆ ಕಾನೂನಿನ ಪ್ರಕಾರ ನೀನು ಓಡಿಹೋದ ಹಾಗೆ. ಸರಕಾರದ ಮೇಡಂ ಸಹಿ ಬೇಕು. ಅವರಿಗೆ ಇವತ್ತು ರಜೆ."

"ಯಾತರ ರಜೆ?"

ಪರ್ವಿಸ್ ಮುಖ ತಿರುಗಿಸಿದ. "ಕಾನ್ಫೆಡರೇಟ್ ಸೈನಿಕರ ಸ್ಮರಣೆ ದಿನ."

ಅಮೆರಿಕದ ಅಂತರ್ಯುದ್ಧದಲ್ಲಿ ಎಲ್ಜಿನ್‌ನ ಕರಿಯ ಹಿರಿಯರನ್ನು ಗುಲಾಮರಾಗಿಯೇ ಇಟ್ಟುಕೊಳ್ಳಲು ಬಡಿದಾಡಿ ಸತ್ತವರು ಅವರು. ಸತ್ತು ಮಣ್ಣಾಗಿ ಒಂದೂವರೆ ಶತಮಾನ ಕಳೆದರೂ ಅಡ್ಡ ಬಂದು ನಿಂತಿದ್ದರು. ಎಲ್ಜಿನ್ ಆ ದಿನವಿಡೀ ಗೋಡೆಗೆ ಹಣೆ ಹಚ್ಚಿ, "ಒಂದೇ ಒಂದು ದಿನ ತಡಿಯಮ್ಮ" ಎಂದು ಬೇಡಿಕೊಂಡ.

ಮಂಗಳವಾರ ಸಹಿ ಬಿತ್ತು: ಕಾಯಿಲೆ ಬಿದ್ದ ತಾಯಿಯ ಹಾಸಿಗೆ ಪಕ್ಕ ಒಂದು ಗಂಟೆ. ಶವಸಂಸ್ಕಾರಕ್ಕಾದರೆ ಬೇರೆಯೇ ಅರ್ಜಿ. ಕಂಪನಿಯ ಕಾವಲುಗಾರ ಡ್ವೈಟ್ ಅವನ ಕೈಗಳನ್ನು ಸೊಂಟದ ಸರಪಳಿಗೆ ಬಿಗಿದು ಮನೆಗೆ ಕರೆತಂದ.

ಬಾಗಿಲಲ್ಲಿ ವರ್ಲೀನ್ ನಿಂತಿದ್ದಳು. ಕಣ್ಣುಗಳು ಊದಿದ್ದವು.

"ತಾಯಿ ಇದ್ದಾರೆ ತಾನೆ?" ಡ್ವೈಟ್ ಕೇಳಿದ. "ಹೋಗಿಬಿಟ್ಟಿದ್ರೆ ಈ ಕಾಗದ ನಡೆಯಲ್ಲ ಅಕ್ಕಾ. ಹಿಂದಕ್ಕೆ ಕರ್ಕೊಂಡು ಹೋಗದಿದ್ರೆ ನನ್ನ ಕೆಲಸಕ್ಕೇ ಸಂಚಕಾರ."

"ನಿದ್ದೆ ಹತ್ತಿದೆ. ಮೆತ್ತಗೆ ಮಾತಾಡಪ್ಪ. ನೀನು ಹೊಸಿಲಲ್ಲೇ ಇರು."

ಒಳಗೆ ನಡೆಯುವಾಗ ಅವಳು ಅಣ್ಣನ ತೋಳನ್ನು ಉಗುರು ನಾಟುವಂತೆ ಹಿಡಿದಿದ್ದಳು. ಅಮ್ಮ ಗಲ್ಲದವರೆಗೆ ಹೊದ್ದು ಮಲಗಿದ್ದಳು. ಸರಪಳಿಯ ಕೈ ಅವಳ ಮುಖಕ್ಕೆ ಎಟುಕಲಿಲ್ಲ. ವರ್ಲೀನ್ ಅಮ್ಮನ ಕೈಯೆತ್ತಿ ಅವನ ಅಂಗೈಯಲ್ಲಿಟ್ಟಳು. ತಣ್ಣಗೆ ಕೊರೆಯುತ್ತಿತ್ತು, ಬೆರಳು ಮಡಚಲಿಲ್ಲ. ಬೆಳಗಿನ ಜಾವವೇ ಜೀವ ಹೋಗಿತ್ತು. ಅಣ್ಣ ಬರಲೆಂದು ವರ್ಲೀನ್ ಯಾರಿಗೂ ಹೇಳಿರಲಿಲ್ಲ.

ಗಂಟಲಿಗೆ ಬಂದ ಕೂಗನ್ನು ಎಲ್ಜಿನ್ ಹಲ್ಲು ಕಚ್ಚಿ ನುಂಗಿದ. ಹೊಸಿಲಿನಿಂದ ಡ್ವೈಟ್ ಕತ್ತು ಚಾಚಿ ನೋಡುತ್ತಿದ್ದ. ಅತ್ತರೆ ಭೇಟಿ ಅಲ್ಲಿಗೇ ಮುಗಿಯುತ್ತಿತ್ತು.

"ಅಮ್ಮ, ಬಂದೆ ಕಣೆ," ಎಂದ, ಹೊಸಿಲಿಗೆ ಕೇಳುವಷ್ಟು ಜೋರಾಗಿ. "ನಾನು ಚೆನ್ನಾಗಿದೀನಿ. ನೀನೇನಾದ್ರೂ ತಿಂದೆಯಾ?"

ಸ್ವಲ್ಪ ಕಾದ. ಆಮೇಲೆ ಉತ್ತರ ಕೇಳಿಸಿಕೊಂಡವನಂತೆ ತಲೆಯಾಡಿಸಿ, ನಕ್ಕ.