ದಪ್ಪ ವೈರು

ಮಗಳು ಮೈಕಿನ ಗುಂಡಿ ಒತ್ತಿದ್ದೇ ತಡ, ಕಾರಿನ ವೈರ್‌ಲೆಸ್ ರೇಡಿಯೋ ದೀಪ ಆರಿಸಿ ಕಣ್ಣು ಮುಚ್ಚಿತು. ಗುಂಡಿ ಬಿಟ್ಟಳು; ಮತ್ತೆ ಕಣ್ಣು ಬಿಟ್ಟಿತು. ಆಸ್ಪತ್ರೆಯ ಒಳಗಿನ ಸೆಟ್ಟಿನಿಂದ ನರ್ಸಮ್ಮನ ದನಿ ಗಟ್ಟಿಯಾಗಿ ಬಂತು: “ಏನೂ ಕೇಳಿಸ್ತಿಲ್ಲ ಕಣಮ್ಮ. ಇದ್ದೀಯೋ ಇಲ್ವೋ?”

“ನಮ್ಮ ಮಾವನ ಹಾಗಾಯ್ತಲ್ಲ ಇದು. ಎಲ್ಲಾ ಕೇಳಿಸ್ಕೊಳ್ತಾನೆ, ಬಾಯಿ ಮಾತ್ರ ಬಿಡಲ್ಲ,” ಎಂದಳು ಮಗಳು.

ಪಕ್ಕದ ಸೀಟಿನಲ್ಲಿದ್ದ ಅಪ್ಪನಿಗೆ ನಗು ಬರಲಿಲ್ಲ. ಊರಿನ ಅರ್ಧ ಮನೆಗಳಿಗೆ ಬೆಳಕು ಕೊಟ್ಟ ಕೈ ಅವನದು. ಬೆಳಗಿನಿಂದ ಕೂತು, ಸಿಗರೇಟು ಹಚ್ಚುವ ಸಾಕೆಟ್ಟಿನಿಂದ ಕರೆಂಟು ಎಳೆದು, ವೈರಿನ ಒಂದೆಳೆಯೂ ಕಾಣದಂತೆ ಅಡಗಿಸಿದ್ದ. ವೈರು ಕಣ್ಣಿಗೆ ಬಿದ್ದರೆ ಅವನಿಗೆ ಮರ್ಯಾದೆ ಹೋದಂತೆ.

ಮಗಳಿಗೆ ಆಸ್ಪತ್ರೆಯ ಕಾರು ಓಡಿಸುವ ಕೆಲಸ ಸಿಕ್ಕಿದ್ದೇ ಆ ವಾರ. ಗುಡ್ಡದಾಚೆ ಫೋನು ಹಿಡಿಯುವುದಿಲ್ಲ. ಸಂಜೆಯೊಳಗೆ ರೇಡಿಯೋ ಮಾತಾಡದಿದ್ದರೆ ಗುಡ್ಡದ ಪಾಳಿ ಹಳೇ ಡ್ರೈವರಿಗೆ. ಅವಳಿಗೆ ಪೇಟೆಯೊಳಗೆ ಔಷಧಿ ಡಬ್ಬ ಸಾಗಿಸುವ ಕೆಲಸ.

“ಸೆಟ್ಟೇ ಕೆಟ್ಟಿರ್ಬೇಕು,” ಎಂದ ಅಪ್ಪ.

“ಸೆಟ್ಟು ಚೆನ್ನಾಗೇ ಇದೆ. ಕೇಳಿಸ್ಕೊಳ್ಳೋಕೆ ಅದಕ್ಕೆ ತೊಟ್ಟು ಕರೆಂಟು ಸಾಕು. ಮಾತಾಡೋಕೆ ಬಿಂದಿಗೆ ಬೇಕು. ನಿನ್ನ ವೈರು ಸಣ್ಣದಾಯ್ತು ಅಪ್ಪ.”

“ಇದೇ ವೈರಲ್ಲಿ ಮನೆಗೆ ಮನೆಯೇ ಬೆಳಗ್ತೀನಿ ಕಣೇ.”

“ಮನೇಲಿ ಇನ್ನೂರ ಮೂವತ್ತು ವೋಲ್ಟು, ಇಲ್ಲಿ ಹನ್ನೆರಡೇ. ವೋಲ್ಟು ಕಮ್ಮಿಯಾದಷ್ಟೂ ಕರೆಂಟು ಜಾಸ್ತಿ ಹರೀಬೇಕು. ಸ್ಟಾರ್ಟರಿನ ವೈರು ನೋಡು, ಹೆಬ್ಬೆರಳು ದಪ್ಪ ಇದೆ. ಸುಮ್ನೆ ಹಾಕಿದ್ದಾರಾ? ನೇರ ಬ್ಯಾಟರಿಯಿಂದಲೇ ಎಳೀಬೇಕಿತ್ತು.”

ಅಪ್ಪ ಬಾನೆಟ್ಟನ್ನೇ ದಿಟ್ಟಿಸಿದ. “ನಂಗೂ ಹೊಳೀದೆ ಇರ್ಲಿಲ್ಲ,” ಎಂದ ಮೆಲ್ಲಗೆ. “ನಿನ್ನ ಕೈಗೆ ಬಂದಿರೋ ಹೊಸ ಕಾರು. ತಗಡಿಗೆ ತೂತು ಹೊಡೆಯೋಕೆ ಮನಸ್ಸು ಬರ್ಲಿಲ್ಲ.”

ಮಗಳು ಕಾರಿನಿಂದಿಳಿದು ಪೆಡಲುಗಳ ಬಳಿ ಬಗ್ಗಿದಳು. “ತೂತು ಕಂಪನಿಯವರೇ ಬಿಟ್ಟಿದ್ದಾರೆ. ಬಾ, ಟಾರ್ಚ್ ಹಿಡಿ.”

ಚಿಕ್ಕವಳಿದ್ದಾಗ ಟಾರ್ಚ್ ಹಿಡಿಯುವುದು ಅವಳ ಕೆಲಸವಾಗಿತ್ತು. ಈಗ ಅವಳು ಪೆಡಲುಗಳ ಹಿಂದೆ ಮೊಣಕೈತನಕ ಕೈ ತೂರಿಸಿ, ರಬ್ಬರಿನ ಬಿರಡೆಯೊಂದನ್ನು ಕಿತ್ತು, ಅಪ್ಪ ಬೇಡವೆಂದು ಬದಿಗಿಟ್ಟಿದ್ದ ಕೆಂಪು, ಕಪ್ಪು ದಪ್ಪ ವೈರುಗಳನ್ನು ಆ ತೂತಿನ ಮೂಲಕ ಎಂಜಿನ್ನಿನ ಕಡೆಗೆ ನೂಕಿದಳು.

“ಬೆಳಕು ನನ್ನ ಮುಖಕ್ಕಲ್ಲ, ಕೆಲಸಕ್ಕೆ,” ಎಂದಳು.

ಅದು ಅವನದೇ ಮಾತು. ಅಪ್ಪ ಟಾರ್ಚ್ ತಿರುಗಿಸಿದ. ಅವಳು ಬ್ಯಾಟರಿಯ ತಿರುಪು ಬಿಗಿದು, ವೈರನ್ನು ಒಮ್ಮೆ ಜಗ್ಗಿ ನೋಡಿದಳು; ನಂಬಿಕೆ ಸಾಲದವಳಂತೆ ಇನ್ನೊಮ್ಮೆ ಜಗ್ಗಿದಳು. ಫ್ಯೂಸು ಹಾಕಿದ್ದು ಎಲ್ಲ ಮುಗಿದ ಮೇಲೆ. ಎರಡನೇ ಸಲ ಜಗ್ಗುವುದನ್ನು ಅಪ್ಪ ಅವಳಿಗೆ ಯಾವತ್ತೂ ಹೇಳಿಕೊಟ್ಟಿರಲಿಲ್ಲ. ತಾನು ಮಾತ್ರ ಯಾವಾಗಲೂ ಹಾಗೇ ಮಾಡುತ್ತಿದ್ದ.

ಸಂಜೆಗೆ ಕಾರು ಗುಡ್ಡ ಹತ್ತಿ ಮರೆಯಾಯಿತು. ಅಪ್ಪ ನರ್ಸಮ್ಮನ ಮೇಜಿನ ಪಕ್ಕ ಸ್ಟೂಲಿನ ಮೇಲೆ ಕೂತ. ಸೆಟ್ಟು ಗರಗರ ಎಂದಿತು.

“ಗುಡ್ಡದಾಚೆ ಇಳಿದೆ. ಕೇಳಿಸ್ತಿದೆಯಾ?” ಬಾಗಿಲಲ್ಲೇ ನಿಂತು ಮಾತಾಡಿದ ಹಾಗಿತ್ತು.

ನರ್ಸಮ್ಮ ಮೈಕನ್ನು ಅವನ ಕೈಗಿತ್ತಳು. “ನೀವೇ ಹೇಳಿ. ಗುಂಡಿ ಒತ್ತಿದಷ್ಟು ಹೊತ್ತು ಮಾತು ಎಲ್ಲಾ ಗಾಡಿಗೂ ಹೋಗುತ್ತೆ. ಹೇಳಿ ಬಿಟ್ಬಿಡಿ.”

ಅವನು ಒತ್ತಿದ. ಕೆಂಪು ದೀಪ ಹತ್ತಿತು. “ಕೇಳಿಸ್ತಿದೆ ಮಗಳೇ. ನಿಧಾನ ಹೋಗು.”

“ಒಳ್ಳೇ ವೈರಿಂಗು, ಮೇಸ್ತ್ರಿ,” ಎಂದಳು ನರ್ಸಮ್ಮ.

ಅವನು ಅವಳತ್ತ ತಿರುಗಿದ. “ನಂದಲ್ಲಮ್ಮ. ನಂದು ಆಗ ಮೂಗಾಗಿ ಕೂತಿತ್ತಲ್ಲ. ಇದು ಅವಳು ಎಳೆದದ್ದು, ಒಂದೂ ತೂತು ಹೊಡೀದೆ. ನಾನು ಟಾರ್ಚ್ ಹಿಡಿದೆ, ಅಷ್ಟೇ. ಶಾಲೇಲಿದ್ದಾಗ್ಲೇ ಇಸ್ತ್ರಿಪೆಟ್ಟಿಗೆ ಬಿಚ್ಚಿ ಜೋಡಿಸಿದವಳು. ಅವರಮ್ಮ ಬೈದಳು, ನಾನೂ ಬೈದೆ. ಒಳಗೊಳಗೇ…”

ನರ್ಸಮ್ಮ ಮೈಕಿನತ್ತ ಕೈ ಚಾಚಿದಳು. ಆಮೇಲೆ ಏನನ್ನಿಸಿತೋ, ಕೈ ಹಿಂದಕ್ಕೆ ತೆಗೆದುಕೊಂಡು ಕೆನ್ನೆಗೆ ಆನಿಸಿ ಕೂತಳು.

ಅಪ್ಪನ ಹೆಬ್ಬೆರಳು ಗುಂಡಿಯ ಮೇಲೇ ಇತ್ತು. ಕೆಂಪು ದೀಪ ಉರಿಯುತ್ತಲೇ ಇತ್ತು.