ನೆಲ ಬಿಡದವಳು

ನನ್ನ ನಾದಿನಿ ಓಡಿದ್ದನ್ನು ನಾನು ಒಂದು ದಿನವೂ ಕಂಡವಳಲ್ಲ. ಬಸ್ಸು ಕಣ್ಣೆದುರೇ ಹೊರಟರೂ, ಒಲೆಯ ಮೇಲೆ ಹಾಲು ಉಕ್ಕಿದರೂ, ಮಹಡಿಯಲ್ಲಿ ಒಣಹಾಕಿದ ಬಟ್ಟೆಯ ಮೇಲೆ ಮಳೆ ಸುರಿದರೂ ಅವಳು ನಡೆದೇ ಹೋಗುತ್ತಿದ್ದಳು. ಮೊಣಕೈ ಮಡಿಸಿ, ಸೊಂಟವನ್ನು ಆಚೀಚೆ ಹೊರಳಿಸಿ, ಮುಂದಿಟ್ಟ ಕಾಲಿನ ಮಂಡಿಯನ್ನು ಕೋಲಿನಂತೆ ನೇರಮಾಡಿ, ಓಡುವವರೂ ನಾಚುವ ವೇಗದಲ್ಲಿ. "ಬಂತು ನೋಡೇ ನಮ್ಮ ಬಾತುಕೋಳಿ" ಎಂದು ಅವಳ ಅಣ್ಣ, ಅಂದರೆ ನಮ್ಮ ಮನೆಯವರು, ಛೇಡಿಸುತ್ತಿದ್ದರು. ವೇಗನಡಿಗೆಯಲ್ಲಿ ದೇಶದ ಮೊದಲ ಸಾಲಿನವಳೆಂದು ಅವಳ ಚಿತ್ರ ಪತ್ರಿಕೆಯಲ್ಲಿ ಬಂದ ಮೇಲೂ ಆ ಅಡ್ಡಹೆಸರು ಮಾತ್ರ ಬಿಟ್ಟುಹೋಗಲಿಲ್ಲ.

ಆ ಸ್ಪರ್ಧೆಯ ನಿಯಮ ಕೇಳುವುದಕ್ಕೆ ಸರಳ, ಪಾಲಿಸುವುದಕ್ಕೆ ಕ್ರೂರ. ಒಂದಲ್ಲ ಒಂದು ಪಾದ ಸದಾ ನೆಲಕ್ಕೆ ತಾಗಿರಬೇಕು, ಊರಿದ ಕಾಲಿನ ಮಂಡಿ ಮಡಿಯಕೂಡದು. ತಪ್ಪಿತೋ ಇಲ್ಲವೋ ಎಂಬುದಕ್ಕೆ ದಾರಿಯುದ್ದಕ್ಕೂ ನಿಂತ ತೀರ್ಪುಗಾರರ ಬರಿಗಣ್ಣೇ ಪ್ರಮಾಣ. ಮೂವರ ಕಣ್ಣಿಗೆ ತಪ್ಪು ಕಂಡರೆ ಮುಖ್ಯ ತೀರ್ಪುಗಾರ ಬಂದು ಕೆಂಪು ಫಲಕ ತೋರಿಸುತ್ತಾನೆ. ಆ ಫಲಕ ಕೊನೆಯ ಗೆರೆ ದಾಟಿ ಆದಮೇಲೂ ಬರಬಹುದು. ಆಗ ಎದೆಯ ಮೇಲಿನ ಸಂಖ್ಯೆಯನ್ನು ತಾನೇ ಕೈಯಾರೆ ಬಿಚ್ಚಿ ಪಕ್ಕಕ್ಕೆ ಸರಿಯಬೇಕು. ಸೋಲಿಗೆ ಹೆದರುವ ಹೆಣ್ಣಲ್ಲ ಅವಳು. ಅವಳ ಭಯವೇ ಬೇರೆ. "ಸೋತ್ರೆ ಮುಂದೆ ಯಾರು ಹೋದ್ರು ಅಂತ ಕಾಣತ್ತೆ ಅತ್ತಿಗೆ. ಇದು ಹಾಗಲ್ಲ. ನನ್ನ ಕಾಲು ನೆಲ ಬಿಡ್ತೋ ಇಲ್ವೋ ನಂಗೇ ಗೊತ್ತಾಗಲ್ಲ. ಬೇರೆಯವರು ಹೇಳಿದ ಮೇಲೇ ಗೊತ್ತಾಗೋದು" ಎಂದು ಒಮ್ಮೆ ಬಟಾಣಿ ಬಿಡಿಸುತ್ತಾ ಹೇಳಿದ್ದಳು. ಕೈ ಬಟಾಣಿಯಲ್ಲಿತ್ತು, ಕಣ್ಣು ಬಾಗಿಲ ಕಡೆಗಿತ್ತು.

ಈ ಭಯವನ್ನು ಅವಳು ಮೈದಾನದಲ್ಲಿ ಬಿಟ್ಟುಬರಲಿಲ್ಲ, ಮನೆಗೂ ಹೊತ್ತು ತಂದಳು. ಅಂಗಡಿಯಿಂದ ಹೊರಬಂದರೆ, ಜೋರಾಗಿ ನಕ್ಕರೆ, ಕೊನೆಗೆ ಊಟ ಮುಗಿಸಿ ಎದ್ದರೂ ಒಮ್ಮೆ ಹಿಂದಿರುಗಿ ನೋಡುವಳು, ಯಾರೋ ಬಂದು ಭುಜ ಮುಟ್ಟಿ "ಇದು ಲೆಕ್ಕಕ್ಕಿಲ್ಲ" ಎನ್ನುವರೇನೋ ಎಂಬಂತೆ. ಯಾವುದೋ ಮೊದಲ ಪಂದ್ಯದಲ್ಲಿ ಸಿಕ್ಕ ಹಸಿರು ಕೋಟೊಂದಿತ್ತು. ಬಣ್ಣ ಹೋಗಿ, ಜಿಪ್ಪು ಕೆಟ್ಟು, ಮೊಣಕೈ ಸವೆದು ಅದಕ್ಕೆ ಮುಕ್ತಿ ಕೊಡುವ ಕಾಲ ಎಂದೋ ಬಂದಿದ್ದರೂ ಬೇಸಿಗೆಯಲ್ಲೂ ಅದನ್ನು ಹೊದ್ದೇ ಕೂರುವಳು. ಅಡುಗೆಮನೆಯಿಂದ ಹಿಂದಿನ ಕೋಣೆಗೆ ಹೋಗುವ ಓಣಿಯಂಥ ಜಾಗದಲ್ಲಿ ಅಂಗಾಲು ಒದ್ದೆ ಮಾಡಿಕೊಂಡು ನಡೆದು, ಆಮೇಲೆ ಬಗ್ಗಿ ತನ್ನದೇ ಹೆಜ್ಜೆಗುರುತುಗಳನ್ನು ಕಳ್ಳನನ್ನು ಹುಡುಕುವ ಪೊಲೀಸಿನವರಂತೆ ನೋಡುವಳು. ಒರೆಸುವ ಬಟ್ಟೆ ಹಿಡಿದು ನಾನು ಹಿಂದೆಯೇ. "ಏನಾದ್ರೂ ಹೇಳ್ತಾ ನಿನ್ನ ಪಾದ?" ಎಂದರೆ, "ಎಲ್ಲಿ ಬಿತ್ತು ಅಂತ ಹೇಳತ್ತೆ, ಯಾವಾಗ ಎದ್ದಿತು ಅಂತ ಹೇಳಲ್ಲ" ಎನ್ನುವಳು. ಆ ಉತ್ತರಕ್ಕೆ ನಗಬೇಕೆಂದುಕೊಂಡೆ, ನಗು ಬರಲಿಲ್ಲ.

ಒಂದು ಬೆಳಗ್ಗೆ ಅಭ್ಯಾಸಕ್ಕೆ ಹೋದವಳು ಮೀನಖಂಡದಲ್ಲಿ ರಕ್ತ ಸುರಿಸಿಕೊಂಡು ಬಂದಳು. ಗ್ಯಾರೇಜಿನ ನಾಯಿ ಅಟ್ಟಿಸಿಕೊಂಡು ಬಂದಿತ್ತಂತೆ. ಇವಳು ಮಂಡಿ ಮಡಿಸದೆ, ಎರಡೂ ಪಾದ ಒಟ್ಟಿಗೆ ಎತ್ತದೆ, ನಿಯಮಬದ್ಧವಾಗಿ ನಡೆಯುತ್ತಲೇ ಕಚ್ಚಿಸಿಕೊಂಡಿದ್ದಳು! ಗ್ಯಾರೇಜಿನವನು "ಓಡಮ್ಮಾ, ಓಡು" ಎಂದು ಬಾಯಿ ಬಡಿದುಕೊಂಡನಂತೆ.

"ಓಡೋಕೇನಾಗಿತ್ತೇ ನಿಂಗೆ?" ಎಂದು ಗಾಯ ತೊಳೆಯುತ್ತಾ ರೇಗಿದೆ.

"ಒಂದ್ಸಲ ಓಡಿಬಿಟ್ರೆ ಕಾಲಿಗೆ ರುಚಿ ಹತ್ತಿಬಿಡತ್ತೆ ಅತ್ತಿಗೆ" ಎಂದಳು. ತಮಾಷೆಯೆಂದು ಮುಖ ನೋಡಿದೆ, ಅವಳು ನಗುತ್ತಿರಲಿಲ್ಲ. ಸೂಜಿಗಾಗಿ ಆಸ್ಪತ್ರೆಗೂ ನಡೆದೇ ಹೋದಳು, ನಾನು ಪಕ್ಕದಲ್ಲಿ ಏದುಸಿರು ಬಿಡುತ್ತಾ ಓಡಿದೆ.

ಆ ವರ್ಷ ದೊಡ್ಡ ಕ್ರೀಡಾಕೂಟಕ್ಕೆ ಆಯ್ಕೆಯ ಸ್ಪರ್ಧೆ ನಡೆಯಿತು. ಮೊದಲ ಇಬ್ಬರಿಗೆ ಮಾತ್ರ ಅವಕಾಶ, ಅವಳ ವಯಸ್ಸಿಗೆ ಅದೇ ಕೊನೆಯದು. ಮುಚ್ಚಿದ ಕಚೇರಿಗಳ ನಡುವಿನ ರಸ್ತೆಯಲ್ಲಿ ಸುತ್ತು ಹಾಕುವ ದಾರಿ; ತಿರುವಿನ ಬಳಿ ಯಾರ ಹೆಸರಿಗೆ ಎಷ್ಟು ಕೆಂಪು ಬಿದ್ದಿದೆಯೆಂದು ತೋರಿಸುವ ಹಲಗೆ. ಅದರ ಎದುರಿಗೇ ನಾನು ನಿಂತಿದ್ದೆ, ನಿಲ್ಲಬಾರದಿತ್ತು. ಅರ್ಧ ದಾರಿಯಲ್ಲಿ ಅವಳ ಸಂಖ್ಯೆಯ ಮುಂದೆ ಒಂದು ಕೆಂಪು ಚುಕ್ಕೆ ಬಿತ್ತು. ಇನ್ನೆರಡು ಸುತ್ತು ಕಳೆಯುವಷ್ಟರಲ್ಲಿ ಎರಡನೆಯದೂ ಬಿತ್ತು. ಇನ್ನು ನಿಧಾನಿಸಿದರೆ ಹಿಂದಿನವಳು ದಾಟುತ್ತಾಳೆ. ನಿಧಾನಿಸದಿದ್ದರೆ ಮೂರನೆಯ ಚುಕ್ಕೆ. ಹಲಗೆಯನ್ನು ಅವಳೂ ನೋಡಿದಳು. ಅವಳ ಮುಖದಲ್ಲಿ ಆಗ ಕಂಡದ್ದನ್ನು ನಾನು ಹೆರಿಗೆ ಕೋಣೆಯ ಹೊರಗೆ ಕಾಯುವವರ ಮುಖದಲ್ಲಿ ಮಾತ್ರ ಕಂಡಿದ್ದೇನೆ. ಆದರೆ ನಡಿಗೆ ನಿಧಾನವಾಗಲಿಲ್ಲ.

ಎರಡನೆಯವಳಾಗಿ ಗೆರೆ ದಾಟಿದಳು. ಮೊದಲು ಬಂದ ಎಳೆಯ ಹುಡುಗಿ ಅಲ್ಲೇ ರಸ್ತೆಯ ಮೇಲೆ ಅಂಗಾತ ಮಲಗಿ ಆಕಾಶ ನೋಡಿ ನಗುತ್ತಿದ್ದಳು. ನನ್ನ ನಾದಿನಿ ಎಂದಿನಂತೆ ಹಿಂದಿರುಗಿ ನೋಡಿದಳು. ಮುಖ್ಯ ತೀರ್ಪುಗಾರ ಬೆನ್ನ ಹಿಂದೆ ಏನನ್ನೋ ಹಿಡಿದು ಅವಳತ್ತಲೇ ಬರುತ್ತಿದ್ದ. ಆತ ಇನ್ನೂ ದೂರದಲ್ಲಿರುವಾಗಲೇ ಅವಳ ಕೈ ಎದೆಗೆ ಹೋಯಿತು. ಒಂದು ಪಿನ್ನು ಬಿಚ್ಚಿದಳು, ಇನ್ನೊಂದು ಬಿಚ್ಚಿದಳು. ಬೆವರಿಗೆ ಬೆರಳು ಜಾರಿದಾಗ ಉಳಿದದ್ದನ್ನು ಬಟ್ಟೆಯ ಸಮೇತ ಪರ್ರನೆ ಹರಿದು, ಆ ಸಂಖ್ಯೆಯನ್ನು ಎರಡೂ ಕೈಯಲ್ಲಿ ಹಿಡಿದು ಆತನ ಮುಂದೆ ಚಾಚಿದಳು.

"ನಿಮ್ಮದಲ್ಲಮ್ಮಾ, ಇಟ್ಕೊಳ್ಳಿ" ಎಂದ ಆತ ಅವಳನ್ನು ಬಳಸಿಕೊಂಡು ಹೋಗಿ, ಮಲಗಿ ನಗುತ್ತಿದ್ದ ಹುಡುಗಿಯ ಮೇಲೆ ಕೆಂಪು ಫಲಕ ಹಿಡಿದ.

ನಗು ಅರ್ಧಕ್ಕೇ ನಿಂತಿತು. "ಎಲ್ಲಿ ಸರ್? ಯಾವಾಗ?" ಎಂದು ಆ ಹುಡುಗಿ ಕೇಳುತ್ತಲೇ ಇದ್ದಳು, ಸಂಖ್ಯೆ ಬಿಚ್ಚುವಾಗಲೂ ಕೇಳುತ್ತಿದ್ದಳು. ಹೀಗೆ ನನ್ನ ನಾದಿನಿ ಮೊದಲನೆಯವಳಾದಳು. ತಬ್ಬಿಕೊಳ್ಳಲು ಹೋದರೆ ಅವಳ ಮೈ ಗಡಗಡ ನಡುಗುತ್ತಿತ್ತು. ಹಸಿರು ಕೋಟು ಹೊದಿಸಿದೆ. ನನ್ನ ಕಿವಿಗೆ ಬಾಯಿಟ್ಟು ಹೇಳಿದಳು: "ಕೊನೇ ತಿರುವಲ್ಲಿ ಒಂದು ಕ್ಷಣ ಮೈಯೆಲ್ಲ ಹಗುರ ಆಗಿತ್ತು ಅತ್ತಿಗೆ. ಎಷ್ಟು ಚೆನ್ನಾಗಿತ್ತು ಗೊತ್ತಾ? ಅದೇನು ಅಂತ ನಂಗೊತ್ತಿಲ್ಲ. ಯಾರೂ ನೋಡಲಿಲ್ವಾ?"

"ಯಾರೂ ನೋಡಲಿಲ್ಲ" ಎಂದೆ. ಸಮಾಧಾನಕ್ಕೆಂದು ಆಡಿದ ಮಾತು ಅವಳಿಗೆ ಶಿಕ್ಷೆಯಂತೆ ಕೇಳಿಸಿತು. ನನ್ನ ತೋಳನ್ನು ಇನ್ನೂ ಬಿಗಿಯಾಗಿ ಹಿಡಿದಳು.

ದೊಡ್ಡ ಕೂಟಕ್ಕೆ ಹೋದಳು, ಪಟ್ಟಿಯ ನಡುವಿನಲ್ಲೆಲ್ಲೋ ಮುಗಿಸಿ ಬಂದಳು, ನಿವೃತ್ತಳಾದಳು. ಈಗ ಅವಳು ಓಡಬಹುದು, ಕೇಳುವವರಿಲ್ಲ. ಮೊನ್ನೆ ಬಸ್ಸು ಹೊರಟಾಗ "ಓಡೇ, ಇನ್ನೇನು!" ಎಂದೆ. ಒಂದು ಹಿಮ್ಮಡಿ ಎತ್ತಿದಳು. ತಕ್ಷಣ ಇಳಿಸಿ, ಹಿಂದಿರುಗಿ ಖಾಲಿ ರಸ್ತೆಯನ್ನು ನೋಡಿದಳು. ಬಸ್ಸು ಹೋಯಿತು.

ಇಂಥವರನ್ನು ಪುಕ್ಕಲರೆಂದು ಕರೆದು ನಾವು ನೆಮ್ಮದಿಯಾಗಿರುತ್ತೇವೆ. ಆದರೆ ಹೊರಗಿನವರಿಗೆ ಹೆದರುವ ಪುಕ್ಕಲುತನ ಬೇರೆ, ತನ್ನ ವಿಷಯದಲ್ಲಿ ತನ್ನದೇ ಸಾಕ್ಷಿಯನ್ನು ನಂಬಲಾರದ ಈ ನಡುಕ ಬೇರೆ. ಇಂಥವರು ಗೆದ್ದ ದಿನವೂ ಎದೆಯ ಪಿನ್ನಿನ ಮೇಲೆ ಕೈಯಿಟ್ಟುಕೊಂಡೇ ನಿಲ್ಲುತ್ತಾರೆ. ಉಳಿದ ನಾವು, ಬೆನ್ನ ಹಿಂದೆ ಯಾರೂ ಬರುತ್ತಿಲ್ಲವೆಂದು ಅಷ್ಟು ಖಚಿತವಾಗಿ ತಿಳಿದವರು, ಒಮ್ಮೆಯಾದರೂ ಹಿಂದಿರುಗಿ ನೋಡಿದ್ದೇವೆಯೇ? ಈಚೆಗೆ ಬೀಗ ಹಾಕಿ ಮೆಟ್ಟಿಲಿಳಿಯುವಾಗ ನಾನೂ ಒಮ್ಮೆ ನೋಡುತ್ತೇನೆ. ಸರಿಯೋ ತಪ್ಪೋ ಹೇಳುವವರು ಯಾರೂ ಇರುವುದಿಲ್ಲ, ಭಯವಾಗುತ್ತದೆ.